ಓವಾಹು ಕಡಲಲ್ಲಿ ಸ್ಲಗ್ ದಾಖಲಿಸಿದ ಅನುಭವ

ನಾಲ್ಕು ಮಿಲಿಮೀಟರ್ ಉದ್ದದ ಒಂದು ಕಂದು ಸೀ ಸ್ಲಗ್‌ಗೆ ಮ್ಯೂಸಿಯಂನಲ್ಲಿ ನೋಂದಣಿ ಸಂಖ್ಯೆ ಸಿಕ್ಕಿದೆ ಅಂತ ಕಳೆದ ವಾರ ಇಮೇಲ್ ಬಂತು. ಜಾತಿಯ ಹೆಸರು ಇನ್ನೂ ಗೊತ್ತಾಗಿಲ್ಲ, ಬರೀ ಸಂಖ್ಯೆ. ಆದರೂ ಮನೆಯಲ್ಲಿ ಶ್ಯಾವಿಗೆ ಪಾಯಸ ಆಯಿತು. ಆ ಸಂಖ್ಯೆಯ ಹಿಂದೆ ಎಷ್ಟು ಅರ್ಜಿ, ಎಷ್ಟು ಅಲೆದಾಟ, ಎಷ್ಟು ಕಾಯುವುದು ಇತ್ತು ಅನ್ನುವುದನ್ನು ಬರೆದಿಟ್ಟರೆ ಮುಂದೆ ಬರುವವರಿಗೆ ಅರ್ಧ ತಲೆನೋವಾದರೂ ಕಡಿಮೆಯಾದೀತು. ಅದಕ್ಕೇ ಈ ಬರಹ.

ಸೀ ಸ್ಲಗ್ ಅಂದರೆ ಸುಮಾರಾಗಿ ಚಿಪ್ಪು ಬಿಟ್ಟ ಕಡಲ ಬಸವನಹುಳು. ಕೆಲವಕ್ಕೆ ಸಣ್ಣ ಚಿಪ್ಪು ಉಳಿದಿರುತ್ತದೆ, ಬಹಳಷ್ಟಕ್ಕೆ ಇರುವುದೇ ಇಲ್ಲ. ತಲೆ ಮೇಲೆ ಎರಡು ಕೊಂಬು, ಅವುಗಳಿಂದಲೇ ವಾಸನೆ ಹಿಡಿಯುತ್ತವೆ. ಕೆಲವು ಜಾತಿಗಳ ಬೆನ್ನ ಹಿಂಭಾಗದಲ್ಲಿ ಕಿವಿರಿನ ಕುಚ್ಚು ಇರುತ್ತದೆ, ಇನ್ನು ಕೆಲವಕ್ಕೆ ಬೆನ್ನ ತುಂಬ ಬೆರಳಿನಂಥ ಚಾಚುಗಳು. ಹೆಚ್ಚಿನವು ಒಂದು ವರ್ಷವೂ ಬದುಕುವುದಿಲ್ಲ. ಇವತ್ತು ಒಂದು ಬಂಡೆಯ ಮೇಲೆ ಹತ್ತಾರು ಇದ್ದರೆ ಮುಂದಿನ ತಿಂಗಳು ಅಲ್ಲಿ ಒಂದೂ ಇರದಿರಬಹುದು. ದಾಖಲಿಸುವ ಕೆಲಸದ ಕಷ್ಟವೆಲ್ಲ ಇಲ್ಲೇ ಇದೆ.

ನಾನು ಕುಮಟಾ ಕಡೆಯವಳು. ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಹೇಳಿಕೊಡುತ್ತಿದ್ದೆ. ನಮ್ಮ ಯಜಮಾನರಿಗೆ ಓವಾಹು ದ್ವೀಪದಲ್ಲಿ, ಹೊನೊಲುಲುವಿನ ಮನೋವಾದಲ್ಲಿರುವ ಹವಾಯಿ ವಿಶ್ವವಿದ್ಯಾಲಯದಲ್ಲಿ ಸಂಶೋಧನೆಯ ಕೆಲಸ ಸಿಕ್ಕಿತು, ನಾನೂ ಬಂದೆ. ನನ್ನ ವೀಸಾದಲ್ಲಿ ಸುಮ್ನೆ ಸಂಬಳದ ಕೆಲಸಕ್ಕೆ ಸೇರುವ ಹಾಗಿಲ್ಲ, ಅದಕ್ಕೆ ಬೇರೆ ಅನುಮತಿ ಬೇಕು. ಮನೆಯಲ್ಲಿ ಕೂತು ಕೂತು ಬೇಜಾರಾಗಿದ್ದಾಗ, ಸ್ಲಗ್‌ಗಳ ಅಧ್ಯಯನ ಮಾಡುವ ಒಬ್ಬ ಸಂಶೋಧಕಿಗೆ ದಡದಲ್ಲಿ ಹುಡುಕುವ ಸ್ವಯಂಸೇವಕರು ಬೇಕು ಅಂತ ಗೊತ್ತಾಯಿತು. ‘ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ’ ಅಂತ ಇವರು ನಕ್ಕರು. ಒಂದು ಮಾತು: ಸಂಬಳ ಇಲ್ಲದ ಕೆಲಸವಾದರೂ ವೀಸಾ ದೃಷ್ಟಿಯಿಂದ ಸರಿಯೇ ಅಂತ ಮೊದಲೇ ಕೇಳಿ, ಉತ್ತರವನ್ನು ಇಮೇಲ್‌ನಲ್ಲಿ ಪಡೆದಿಟ್ಟುಕೊಳ್ಳಿ. ಬಾಯಿಮಾತು ನಂಬಿ ಕೂರಬೇಡಿ.

ಮೊದಲ ಗೋಳು ಗುರುತಿನ ಚೀಟಿಯದ್ದು. ಹವಾಯಿಯ ಗುರುತಿನ ಚೀಟಿ ಇದ್ದರೆ ಕಡಲತೀರಗಳಲ್ಲಿ ಎಷ್ಟೋ ಕಡೆ ಶುಲ್ಕವೇ ಇಲ್ಲ. ಇದೇ ದ್ವೀಪದ ಹನೌಮಾ ಕೊಲ್ಲಿಯನ್ನೇ ನೋಡಿ. 1967ರಿಂದ ಸಂರಕ್ಷಿತ ಜಾಗ. ಹೊರಗಿನವರಿಗೆ ತಲೆಗೆ 25 ಡಾಲರ್, ಅದೂ ಎರಡು ದಿನ ಮೊದಲು ಬೆಳಿಗ್ಗೆ ಆನ್‌ಲೈನ್‌ನಲ್ಲಿ ಕಾದು ಕೂತು ಬುಕ್ ಮಾಡಬೇಕು, ನೋಡನೋಡುತ್ತಲೇ ಖಾಲಿಯಾಗುತ್ತದೆ. ಇಲ್ಲಿನ ನಿವಾಸಿಗಳಿಗೆ ಪುಕ್ಕಟೆ. ಆದರೆ ಆ ಚೀಟಿ ಮಾಡಿಸಲು ಪಾಸ್‌ಪೋರ್ಟ್, ವೀಸಾ ಕಾಗದ, ವಿಳಾಸಕ್ಕೆ ಎರಡು ದಾಖಲೆ, ಜೊತೆಗೆ ಅಮೆರಿಕ ಸರ್ಕಾರ ಕೊಡುವ ಸೋಷಿಯಲ್ ಸೆಕ್ಯುರಿಟಿ ಸಂಖ್ಯೆ ಬೇಕು. ಆ ಸಂಖ್ಯೆ ನನಗಿಲ್ಲ. ಇಲ್ಲದಿದ್ದರೆ ‘ಇವರಿಗೆ ಸಂಖ್ಯೆ ಕೊಡಲು ಬರುವುದಿಲ್ಲ’ ಅನ್ನುವ ಪತ್ರ ಬೇಕು! ಇಲ್ಲ ಅನ್ನುವುದಕ್ಕೂ ಒಂದು ಕಾಗದ. ಒಂದು ಕಚೇರಿಯಿಂದ ಇನ್ನೊಂದಕ್ಕೆ ಅಲೆದು ಸಾಕಾಯಿತು. ಮನೆ ಬಾಡಿಗೆ ಕರಾರು, ಬ್ಯಾಂಕ್ ಸ್ಟೇಟ್‌ಮೆಂಟ್ ಎರಡರಲ್ಲೂ ಗಂಡನ ಹೆಸರಿನ ಜೊತೆ ನಿಮ್ಮ ಹೆಸರೂ ಇರುವಂತೆ ಮೊದಲ ದಿನವೇ ನೋಡಿಕೊಳ್ಳಿ. ಹೆಂಗಸರು ಸಿಕ್ಕಿಬೀಳುವುದು ಅಲ್ಲೇ.

ಇಷ್ಟೆಲ್ಲ ಮಾಡಿ ಚೀಟಿ ಕೈಗೆ ಬಂದ ಮೇಲೆ ಸಂಶೋಧಕಿ ಹೇಳಿದರು, ‘ಹನೌಮಾದಲ್ಲಿ ನಮಗೆ ಅಂಥ ಕೆಲಸ ಇಲ್ಲ.’ ಯಾಕೆಂದರೆ ಅದು ಕತ್ತಲಾಗುವ ಎಷ್ಟೋ ಮೊದಲೇ ಮುಚ್ಚುತ್ತದೆ, ಸೋಮವಾರ ಮಂಗಳವಾರ ಬಾಗಿಲೇ ತೆರೆಯುವುದಿಲ್ಲ. ಸ್ಲಗ್‌ಗಳಲ್ಲಿ ಬಹಳಷ್ಟು ಹೊರಗೆ ಬರುವುದು ಕತ್ತಲಾದ ಮೇಲೆ.

ಡೈವಿಂಗ್ ಕಲಿಯಬೇಕೇ? ಇದನ್ನೇ ಎಲ್ಲರೂ ಕೇಳುತ್ತಾರೆ. ನಾನು ಕಲಿತೆ. ಕೋರ್ಸಿಗೆ 600 ಡಾಲರ್ ಮೇಲಾಯಿತು. ಸೇರುವ ಮೊದಲು ಆರೋಗ್ಯದ ಪ್ರಶ್ನಾವಳಿ ಕೊಡುತ್ತಾರೆ. ಒಂದು ಮುಖ್ಯ ಪ್ರಶ್ನೆಗೆ ‘ಹೌದು’ ಅಂದರೂ ವೈದ್ಯರ ಸಹಿ ಬೇಕು. ನನಗೆ ಚಿಕ್ಕಂದಿನಲ್ಲಿ ಉಬ್ಬಸ ಇತ್ತು. ವೈದ್ಯರ ಅಪಾಯಿಂಟ್‌ಮೆಂಟ್ ಸಿಗಲು ವಾರಗಟ್ಟಲೆ ಕಾದೆ, ಶ್ವಾಸದ ಪರೀಕ್ಷೆ ಮಾಡಿಸಿದೆ, ಅದರ ಬಿಲ್ ಬೇರೆ. ಊರಿನಿಂದ ಬರುವಾಗಲೇ ಇಂಥ ಹಳೆ ತೊಂದರೆಗಳ ಬಗ್ಗೆ ವೈದ್ಯರ ಪತ್ರ ತಂದುಕೊಂಡರೆ ಕೆಲಸ ಹಗುರ. ಆಮೇಲೆ ದೋಣಿಯಲ್ಲಿ ಹೋಗಿ ಎರಡು ಬಾರಿ ಮುಳುಗಿ ಬರಲು ಪ್ರತಿ ಸಲ 150ರಿಂದ 200 ಡಾಲರ್. ಒಂದು ಅಂಗಡಿಯವರು ಅಲೆ ಜಾಸ್ತಿ ಅಂತ ಅವರೇ ರದ್ದು ಮಾಡಿ, ದುಡ್ಡು ವಾಪಸ್ ಕೊಡದೆ ‘ಕ್ರೆಡಿಟ್’ ಕೊಟ್ಟರು. ಆ ಕ್ರೆಡಿಟ್ ಬಳಸುವಷ್ಟರಲ್ಲಿ ಅದರ ಅವಧಿಯೇ ಮುಗಿದಿತ್ತು. ಕೊಡುವ ಮೊದಲು ವಾಪಸಾತಿಯ ನಿಯಮ ಓದಿ.

ನಿಜ ಹೇಳಬೇಕೆಂದರೆ ನನ್ನ ಪಟ್ಟಿಯ ದೊಡ್ಡ ಪಾಲು ಬಂದದ್ದು ಮೊಣಕಾಲುದ್ದದ ನೀರಿನಿಂದ. ಬಂಡೆಗಳ ನಡುವಿನ ಹೊಂಡಗಳು, ಪಾಚಿ ಹತ್ತಿದ ಕಲ್ಲುಗಳು, ಅಷ್ಟೇ. ಅದಕ್ಕೆ ಬೇಕಾದದ್ದು ಟಾಬಿ, ಅಂದರೆ ಅಡಿಗೆ ಫೆಲ್ಟ್ ಇರುವ ಬೂಟು. ಇಲ್ಲಿನ ಮೀನು ಹಿಡಿಯುವವರೆಲ್ಲ ಅದನ್ನೇ ಹಾಕುತ್ತಾರೆ, ಪಾಚಿಯ ಮೇಲೆ ಜಾರುವುದಿಲ್ಲ. ಜೊತೆಗೆ ಒಳ್ಳೆಯ ಟಾರ್ಚ್, ಅದು ಕೈಕೊಟ್ಟರೆ ಇರಲಿ ಅಂತ ಇನ್ನೊಂದು. ಕ್ಯಾಮೆರಾಕ್ಕೆ ಒಲಿಂಪಸ್‌ನ (ಈಗ ಓಎಂ ಸಿಸ್ಟಂ) ಟಿಜಿ ಸರಣಿಯದ್ದು ಸಾಕು. ಹೊರಕವಚ ಇಲ್ಲದೆಯೇ 15 ಮೀಟರ್ ಆಳದವರೆಗೆ ಒಯ್ಯಬಹುದು, ಲೆನ್ಸಿನಿಂದ ಒಂದು ಸೆಂಟಿಮೀಟರ್ ದೂರದಲ್ಲಿರುವುದನ್ನೂ ತೆಗೆಯುತ್ತದೆ. ಸುಮಾರು 500 ಡಾಲರ್. ಹಳೆಯದು ಸಿಕ್ಕರೆ ಇನ್ನೂ ಕಡಿಮೆ, ಆದರೆ ಬ್ಯಾಟರಿ ಬಾಗಿಲಿನ ರಬ್ಬರ್ ನೋಡದೆ ಕೊಳ್ಳಬೇಡಿ. ಸನ್‌ಸ್ಕ್ರೀನ್ ಊರಿಂದ ತರಬೇಡಿ. ಹವಳಕ್ಕೆ ಕೆಡುಕು ಅಂತ ಆಕ್ಸಿಬೆಂಜೋನ್, ಆಕ್ಟಿನಾಕ್ಸೇಟ್ ಇರುವ ಸನ್‌ಸ್ಕ್ರೀನಿನ ಮಾರಾಟವನ್ನು ಇಲ್ಲಿ 2021ರಿಂದ ನಿಲ್ಲಿಸಿದ್ದಾರೆ. ಉದ್ದ ತೋಳಿನ ಅಂಗಿ ಎಲ್ಲಕ್ಕಿಂತ ಮೇಲು. ಕಾರಿಲ್ಲದವರು ಬಸ್ ನಂಬಬಹುದು, ಆದರೆ ಚೀಲ ತೊಡೆಯ ಮೇಲೆ ಅಥವಾ ಸೀಟಿನ ಕೆಳಗೆ ಹಿಡಿಸಬೇಕು. ನನ್ನ ಟ್ರೇ, ಬಕೆಟ್ ಎಲ್ಲ ಒಂದರೊಳಗೊಂದು ಕೂರುವ ಅಳತೆಯವು. ಆ ಜೋಡಣೆಗೇ ಒಂದು ಭಾನುವಾರ ಹೋಯಿತು.

ಸಾಮಾನು ಸಿದ್ಧ, ನಾನು ಸಿದ್ಧ. ಕಡಲು ಸಿದ್ಧ ಇರಲಿಲ್ಲ.

ಓವಾಹುವಿನ ಉತ್ತರ ತೀರದಲ್ಲಿ ಪುಪುಕೆಯಾ ಅಂತ ಒಂದು ಜಾಗ ಇದೆ. ಸ್ಲಗ್ ಹುಡುಕುವವರಿಗೆ ಕಾಶಿ ಇದ್ದ ಹಾಗೆ. ನಾವು ಶುರುಮಾಡಿದ್ದು ನವೆಂಬರ್‌ನಲ್ಲಿ. ಚಳಿಗಾಲದಲ್ಲಿ ಉತ್ತರ ಪೆಸಿಫಿಕ್‌ನ ಬಿರುಗಾಳಿಗಳಿಂದ ಅಲ್ಲಿಗೆ 20, 30 ಅಡಿ ಎತ್ತರದ ಅಲೆ ಬರುತ್ತದೆ. ಸರ್ಫಿಂಗ್ ಮಾಡುವವರು ಲೋಕದ ಮೂಲೆಮೂಲೆಯಿಂದ ಬರುತ್ತಾರೆ, ನಮ್ಮಂಥವರು ದಡದಲ್ಲಿ ನಿಂತು ನೋಡಬೇಕು. ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ಅದೇ ನೀರು ಕೊಳದ ಹಾಗೆ ಶಾಂತ. ಅಲ್ಲಿಯವರೆಗೆ ದಕ್ಷಿಣ ತೀರವೇ ಗತಿ. ಹೊನೊಲುಲುವಿನ ಅಲಾ ಮೊವಾನಾ ಪಕ್ಕದ ಮ್ಯಾಜಿಕ್ ಐಲ್ಯಾಂಡ್‌ನ ಹೊರಗಿನ ಬಂಡೆಗಳು ನನ್ನ ಪಾಠಶಾಲೆಯಾದವು.

ಅಲ್ಲೂ ದಿನ ಕೂಡಿಬರಬೇಕು. ಇಲ್ಲಿ ಉಬ್ಬರ ಇಳಿತದ ನಡುವಿನ ವ್ಯತ್ಯಾಸ ಒಂದು ಮೀಟರೂ ಇಲ್ಲ. ನಮ್ಮ ಕಾರವಾರದ ಕಡೆ ನೀರು ಇಳಿಯುವುದನ್ನು ಕಂಡವಳಿಗೆ ಇದು ಇಳಿತ ಅಂತಲೇ ಅನ್ನಿಸಲಿಲ್ಲ. ಹಾಗಾಗಿ ಅಮಾವಾಸ್ಯೆ ಹುಣ್ಣಿಮೆಯ ಆಸುಪಾಸಿನ ದೊಡ್ಡ ಇಳಿತಗಳನ್ನೇ ಕಾಯಬೇಕು. ಇನ್ನೊಂದು ಲೆಕ್ಕವೂ ಚಂದ್ರನದ್ದೇ. ಹುಣ್ಣಿಮೆ ಕಳೆದು 8ರಿಂದ 10 ದಿನಕ್ಕೆ ವೈಕಿಕಿ, ಅಲಾ ಮೊವಾನಾ, ಹನೌಮಾ ಕಡೆ ಬಾಕ್ಸ್ ಜೆಲ್ಲಿ ಮೀನು ದಡಕ್ಕೆ ಬರುತ್ತವೆ. ಕುಟುಕಿದರೆ ಉರಿ ಸಾಮಾನ್ಯದ್ದಲ್ಲ. ಅತ್ತೆ ಕೊಟ್ಟು ಕಳಿಸಿದ ಪಂಚಾಂಗದ ಕ್ಯಾಲೆಂಡರ್ ಗೋಡೆಯ ಮೇಲಿತ್ತು. ಕೃಷ್ಣಪಕ್ಷದ ಅಷ್ಟಮಿ, ನವಮಿ, ದಶಮಿಗೆ ಕೆಂಪು ಗೀಟು ಹಾಕಿಬಿಟ್ಟೆ. ಹವಾಯಿ ನಮ್ಮೂರಿಗಿಂತ ಹದಿನೈದೂವರೆ ಗಂಟೆ ಹಿಂದೆ, ಅದೊಂದನ್ನು ಕಳೆದುಕೊಂಡರೆ ಲೆಕ್ಕ ಸರಿ. ಸಂಶೋಧಕಿಗೆ ಈ ಕ್ಯಾಲೆಂಡರ್ ಎಷ್ಟು ಇಷ್ಟವಾಯಿತೆಂದರೆ ಈ ಯುಗಾದಿಗೆ ಅವರಿಗೂ ಒಂದು ತರಿಸಿಕೊಟ್ಟೆ.

ಜೋರು ಮಳೆ ಬಂದರೆ ಹಳ್ಳಗಳ ಕೆಸರೆಲ್ಲ ಕಡಲಿಗೆ. ಆಗ ಆರೋಗ್ಯ ಇಲಾಖೆ ‘ಕಂದು ನೀರಿನ’ ಎಚ್ಚರಿಕೆ ಕೊಡುತ್ತದೆ, ನೀರಿಗೆ ಇಳಿಯಬಾರದು. ಒಮ್ಮೆ ಎಲ್ಲ ಕೂಡಿಬಂದಿತ್ತು. ಇಳಿತ ಚೆನ್ನಾಗಿದೆ, ಗಾಳಿ ಇಲ್ಲ, ಮಳೆ ಇಲ್ಲ. ಬೆಳಗಿನ ಜಾವ ಎದ್ದು, ಚಿತ್ರಾನ್ನ ಕಟ್ಟಿಕೊಂಡು, ಪೂರ್ವದ ಮಕಾಪುʻಉ ಹೊಂಡಗಳಿಗೆ ಹೋದೆವು. ಸರಿಯಾಗಿ ನಾವು ಇಳಿಯುವ ಬಂಡೆಯ ಮೇಲೆ ಒಂದು ಹವಾಯಿ ಮಾಂಕ್ ಸೀಲ್ ಮಲಗಿದೆ. ಲೋಕದಲ್ಲಿ ಸುಮಾರು 1,600 ಮಾತ್ರ ಉಳಿದಿರುವ ಪ್ರಾಣಿ. ಅದರಿಂದ 50 ಅಡಿ ದೂರ ಇರಬೇಕು, ಮರಿ ಇದ್ದರೆ 150 ಅಡಿ. ಅದು ಒಂದು ಸಲ ಕಣ್ಣು ಬಿಟ್ಟು ನಮ್ಮನ್ನು ನೋಡಿ, ಮಗ್ಗುಲು ಬದಲಿಸಿ ಮತ್ತೆ ಮಲಗಿತು. ನೀರು ಏರುವವರೆಗೂ ಏಳಲಿಲ್ಲ. ನಾವು ದೂರದಲ್ಲಿ ಕೂತು ಚಿತ್ರಾನ್ನ ತಿಂದು ವಾಪಸ್ ಬಂದೆವು.

ಆ ದಿನ ಅಲ್ಲೇ ಒಬ್ಬ ಹಿರಿಯ ಹವಾಯಿ ಹೆಂಗಸಿನ ಪರಿಚಯವಾಯಿತು. ಇಲ್ಲಿ ದೊಡ್ಡವರನ್ನೆಲ್ಲ ಆಂಟಿ, ಅಂಕಲ್ ಅಂತಲೇ ಕರೆಯುತ್ತಾರೆ, ನಮ್ಮ ಹಾಗೇ. ಆಂಟಿ ಬಂಡೆಗಂಟಿಕೊಂಡ ಓಪಿಹಿ ಚಿಪ್ಪುಗಳನ್ನು ಕೀಳಲು ಚಿಕ್ಕಂದಿನಿಂದ ಬರುವವರು. ನಾನು ಬಗ್ಗಿ ಹೊಂಡದೊಳಗೆ ಇಣುಕುತ್ತಿದ್ದರೆ ಹಿಂದಿನಿಂದ ಕೂಗಿದರು.

‘ಏ ಹುಡುಗಿ, ಕಡಲಿಗೆ ಬೆನ್ನು ಹಾಕಬೇಡ!’

‘ಅಲೆ ಚಿಕ್ಕದೇ ಇದೆಯಲ್ಲ ಆಂಟಿ?’

‘ಚಿಕ್ಕ ಅಲೆ ಎಣಿಸುತ್ತಾ ಕೂತವರನ್ನೇ ದೊಡ್ಡದು ಒಯ್ಯುವುದು.’

ಅಂದಿನಿಂದ ನಮ್ಮಲ್ಲಿ ಒಬ್ಬರು ಹುಡುಕಿದರೆ ಇನ್ನೊಬ್ಬರು ಕಡಲು ಕಾಯುತ್ತೇವೆ. ಒಬ್ಬರೇ ಹೋಗುವುದಂತೂ ಇಲ್ಲವೇ ಇಲ್ಲ. ಇಳಿಯುವ ಮೊದಲು ಹದಿನೈದು ನಿಮಿಷ ಸುಮ್ನೆ ನಿಂತು ಅಲೆ ನೋಡುತ್ತೇವೆ. ಇದನ್ನು ದಯವಿಟ್ಟು ಯಾರೂ ತಮಾಷೆ ಅಂದುಕೊಳ್ಳಬೇಡಿ.

ಇನ್ನು ಹುಡುಕುವ ವಿಷಯ. ಮೊದಲ ಎರಡು ಮೂರು ತಿಂಗಳು ನನಗೆ ಕಂಡದ್ದು ಬಹಳ ಕಡಿಮೆ. ಸಂಶೋಧಕಿ ಪಕ್ಕದಲ್ಲೇ ನಿಂತು ಒಂದರ ಮೇಲೊಂದು ತೋರಿಸುತ್ತಾರೆ, ನನಗೆ ಬರೀ ಕಲ್ಲು. ಕಣ್ಣಲ್ಲಿ ನೀರು ಬರುವಷ್ಟು ಬೇಸರ. ಆಗ ಅವರು ಹೇಳಿದ್ದು ಇಷ್ಟೇ: ‘ನೀನು ಸ್ಲಗ್ ಹುಡುಕುತ್ತಿದ್ದೀಯ. ಅದರ ಊಟ ಹುಡುಕು.’

ಸ್ಲಗ್‌ಗಳು ಊಟದ ವಿಷಯದಲ್ಲಿ ಭಾರೀ ಹಟಮಾರಿಗಳು. ಒಂದೊಂದು ಗುಂಪಿಗೆ ಒಂದೊಂದೇ ಆಹಾರ. ಕೆಲವಕ್ಕೆ ಇಂಥದ್ದೇ ಸ್ಪಂಜು (ಕಲ್ಲಿಗಂಟಿ ಬದುಕುವ ಸರಳ ಪ್ರಾಣಿ) ಆಗಬೇಕು, ಕೆಲವಕ್ಕೆ ಇಂಥದ್ದೇ ಪಾಚಿ. ಫೆಸ್ಟಿಲ್ಲಾ ಅನ್ನುವ ಕುಲದ ಒಂದು ಜಾತಿ ಪೊರೈಟಿಸ್ ಹವಳವನ್ನೇ ತಿನ್ನುತ್ತದೆ. ನೀರಿನಲ್ಲಿ ತೇಲುವ ಅದರ ಮರಿ, ಆ ಹವಳದ ವಾಸನೆ ಸಿಗುವವರೆಗೆ ರೂಪ ಬದಲಿಸಿ ತಳಕ್ಕೆ ಇಳಿಯುವುದೇ ಇಲ್ಲ. ಹೊನೊಲುಲುವಿನ ಕೆವಾಲೋ ಪ್ರಯೋಗಾಲಯದಲ್ಲಿ ಮೈಕಲ್ ಹ್ಯಾಡ್‌ಫೀಲ್ಡ್ ಇದರ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. ಗಿಮ್ನೊಡೋರಿಸ್ ಕುಲದ ಬಹಳಷ್ಟು ಬೇರೆ ಸ್ಲಗ್‌ಗಳನ್ನೇ ನುಂಗುತ್ತವೆ. ಹೀಗೆ ಊಟ ಕಲಿತ ಮೇಲೆ ಕಲ್ಲಿನ ಮೇಲೆ ಸ್ಪಂಜು ಯಾವುದು, ಪಾಚಿ ಯಾವುದು ಅಂತ ಬೇರೆಬೇರೆಯಾಗಿ ಕಾಣತೊಡಗಿತು. ಸ್ಲಗ್‌ಗಳೂ ಕಂಡವು. ಮೊಟ್ಟೆಯನ್ನೂ ನೋಡುತ್ತಿರಿ. ಸುರುಳಿ ಸುತ್ತಿದ ತೆಳು ಪಟ್ಟಿ ಕಲ್ಲಿಗಂಟಿದ್ದರೆ ತಾಯಿ ಅಲ್ಲೇ ಎಲ್ಲೋ ಒಂದು ಗೇಣಿನಲ್ಲಿದೆ ಅಂತ ಅರ್ಥ.

ದಾಖಲೆಯಲ್ಲಿ ‘ಯಾವುದರ ಮೇಲೆ ಕೂತಿತ್ತು’ ಅನ್ನುವ ಕಾಲಂ ಖಾಲಿ ಬಿಡಬೇಡಿ ಅಂತ ನಾನು ಪೀಡಿಸುವುದಕ್ಕೆ ಕಾರಣ ಇದೆ. ಫಿಲ್ಲಿಡಿಯಾ ವರಿಕೋಸಾ ಅನ್ನುವ ಸ್ಲಗ್ ತೊಟ್ಟಿಯಲ್ಲಿದ್ದರೆ ಜೊತೆಯ ಮೀನು, ಸಿಗಡಿ ಸಾಯುತ್ತವೆ ಅಂತ 1963ರಲ್ಲೇ ಹವಾಯಿಯಲ್ಲಿ ದಾಖಲಾಗಿತ್ತು. ಆ ವಿಷ ಏನು? ಹವಾಯಿ ವಿಶ್ವವಿದ್ಯಾಲಯದ ಪಾಲ್ ಶಾಯರ್ ಅವರ ತಂಡ 1975ರಲ್ಲಿ ಉತ್ತರ ಕೊಟ್ಟಿತು. ಅದೇ ರಾಸಾಯನಿಕ ಅದು ತಿನ್ನುವ ಸ್ಪಂಜಿನಲ್ಲೂ ಇತ್ತು. ಪುಪುಕೆಯಾದ ಹೆಸರನ್ನೇ ಸೇರಿಸಿ ಅದನ್ನು ಐಸೊಸೈಯನೊಪುಪುಕೆಯನೇನ್ ಅಂತ ಕರೆದರು. ಎಲಿಸಿಯಾ ರುಫೆಸೆನ್ಸ್ ಅನ್ನುವ ಹಸಿರು ಸ್ಲಗ್‌ನ ಕತೆ ಇನ್ನೂ ಸೊಗಸು. ಹೊನೊಲುಲುವಿನ ಕಹಾಲಾ ಬಡಾವಣೆಯ ಕಡಲಿನಲ್ಲಿ ಸಿಕ್ಕಿದ್ದು. ಅದರಿಂದ 1993ರಲ್ಲಿ ಕಹಲಾಲೈಡ್ ಎಫ್ ಅನ್ನುವ ವಸ್ತು ಬೇರ್ಪಡಿಸಿದರು, ಕ್ಯಾನ್ಸರ್ ಔಷಧಿಯಾದೀತೇ ಅಂತ ರೋಗಿಗಳ ಮೇಲೂ ಪರೀಕ್ಷೆ ನಡೆಯಿತು. ಅದು ಸ್ಲಗ್‌ಗೆ ಬರುವುದು ಬ್ರಯಾಪ್ಸಿಸ್ ಪಾಚಿಯಿಂದ. ಆ ಪಾಚಿಯೂ ಅದನ್ನು ಮಾಡುವುದಲ್ಲ, ಪಾಚಿಯೊಳಗೆ ಬದುಕುವ ಒಂದು ಬ್ಯಾಕ್ಟೀರಿಯಾ ಮಾಡುತ್ತದೆ ಅಂತ 2019ರಲ್ಲಿ ಗೊತ್ತಾಯಿತು. ಯಾವ ಪಾಚಿಯ ಮೇಲೆ ಕೂತಿತ್ತು ಅನ್ನುವ ಒಂದು ಸಾಲು ಎಲ್ಲಿಯವರೆಗೆ ಹೋಯಿತು ನೋಡಿ.

ಫಿಲ್ಲಿಡಿಯಾ ಸಿಕ್ಕಿದರೆ ಬೇರೆ ಜೀವಿಗಳಿರುವ ಟ್ರೇಗೆ ಮಾತ್ರ ಹಾಕಬೇಡಿ. ಹಾಕಿದರೆ ಟ್ರೇ ಪೂರ್ತಿ ಹೋದ ಹಾಗೆ.

ಟ್ರೇ ಅಂದೆನಲ್ಲ, ಅದರ ಬಗ್ಗೆ ಹೇಳಲೇಬೇಕು. ಸಣ್ಣ ಸ್ಲಗ್‌ಗಳು ಕಣ್ಣಿಗೆ ಬೀಳುವುದಿಲ್ಲ. ಅನುಮತಿ ಇರುವ ಸಂಶೋಧಕಿ ಒಂದು ಹಿಡಿ ಪಾಚಿಯನ್ನು ಕಡಲ ನೀರಿನಲ್ಲಿ ಬಿಳಿ ಟ್ರೇಯಲ್ಲಿ ಹರಡುತ್ತಿದ್ದರು. ಕದಲಿಸದೆ ನೆರಳಲ್ಲಿ ಇಡುವುದು. ಹೊತ್ತು ಹೋದಂತೆ ನೀರು ಬಿಸಿಯಾಗಿ, ಉಸಿರಾಟಕ್ಕೆ ಸಾಲದಾಗುತ್ತದೆ. ಒಳಗಿದ್ದವೆಲ್ಲ ಒಂದೊಂದಾಗಿ ಪಾಚಿ ಬಿಟ್ಟು ಅಂಚಿಗೆ ಏರುತ್ತವೆ. ಮೊದಲು ಹುಳಗಳು, ಸಣ್ಣ ಏಡಿ, ಆಮೇಲೆ ಸ್ಲಗ್.

ಒಂದು ಸಂಜೆ ಕೌಲರ್ಪಾ ಪಾಚಿಯ ಟ್ರೇಯಲ್ಲಿ ಹಸಿರು ಚುಕ್ಕೆಯೊಂದು ಕದಲಿತು. ಲೆನ್ಸ್ ಹಿಡಿದು ನೋಡಿದೆ. ಎರಡು ಹೋಳು ಹಸಿರು ಚಿಪ್ಪು, ಥೇಟ್ ಹೆಸರುಕಾಳು ಸೀಳಿಕೊಂಡಂತೆ. ಆ ಎರಡು ಹೋಳಿನ ಸಂದಿಯಿಂದ ತಲೆ ಹೊರಗೆ ಬಂತು, ಎರಡು ಕೊಂಬು, ಕೊಂಬಿನ ನಡುವೆ ಕರಿಯ ಕಣ್ಣು. ಟ್ರೇಯ ಗೋಡೆ ಹಿಡಿದು ನಿಧಾನವಾಗಿ ಮೇಲೇರಿತು. ನಾನು ಉಸಿರು ಬಿಟ್ಟಾಗ ನೀರು ಅಲುಗಿರಬೇಕು, ಟಕ್ಕನೆ ಚಿಪ್ಪು ಮುಚ್ಚಿ ಕೆಳಗೆ ಬಿತ್ತು. ಇದು ಜೂಲಿಯಾ ಎಕ್ಸ್‌ಕ್ವಿಸಿಟಾ. ಹವಾಯಿಯ ಮರಳಿನಲ್ಲಿ ಸಿಗುವ ಖಾಲಿ ಚಿಪ್ಪು ನೋಡಿ 1862ರಲ್ಲೇ ಹೆಸರಿಟ್ಟಿದ್ದರು. ಎರಡು ಹೋಳು ಇರುವುದರಿಂದ ಇದು ಕಪ್ಪೆಚಿಪ್ಪಿನ ಬಳಗ ಅಂತಲೇ ನೂರು ವರ್ಷ ನಂಬಿದ್ದರು. 1959ರಲ್ಲಿ ಜಪಾನಿನಲ್ಲಿ ಇದರ ಬಳಗದ್ದೇ ಒಂದು ಜೀವಿ ಪಾಚಿಯ ಮೇಲೆ ತೆವಳುತ್ತಿರುವುದು ಸಿಕ್ಕಿತು. ಆಗ ಗೊತ್ತಾಯಿತು, ಇದು ಸ್ಲಗ್‌ಗಳ ಬಂಧು ಅಂತ. ನನಗೆ ಇಡೀ ಕೆಲಸದಲ್ಲಿ ಮರೆಯಲಾಗದ್ದು ಇದೇ. ಪಟ್ಟಿಗೆ ಇದರಿಂದ ಹೊಸದೇನೂ ಸೇರಲಿಲ್ಲ, ಇಲ್ಲಿ ಇದೆ ಅಂತ ಎಲ್ಲರಿಗೂ ಗೊತ್ತು. ಇರಲಿ ಬಿಡಿ.

ಬರೆದುಕೊಳ್ಳುವುದು ಏನೇನು? ದಿನ, ಹೊತ್ತು, ಜಾಗ, ಆಳ, ಯಾವುದರ ಮೇಲೆ, ಎಷ್ಟು ಮಿಲಿಮೀಟರ್, ಎಷ್ಟು ಇದ್ದವು, ಮೊಟ್ಟೆ ಇತ್ತೇ, ನೀರಿನ ತಾಪ. ಜೊತೆಗೆ ಎಷ್ಟು ಜನ ಎಷ್ಟು ಹೊತ್ತು ಹುಡುಕಿದೆವು ಅನ್ನುವುದು. ಇದನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಏನೂ ಸಿಗದ ದಿನವನ್ನೂ ಬರೆಯಬೇಕು. ಮೂರು ಜನ ಎರಡು ಗಂಟೆ ಹುಡುಕಿ ಸೊನ್ನೆ ಅನ್ನುವುದೂ ಒಂದು ಮಾಹಿತಿ. ಇಲ್ಲದಿದ್ದರೆ ಆ ತಿಂಗಳು ಸ್ಲಗ್ ಇರಲಿಲ್ಲವೋ, ನಾವೇ ಹೋಗಲಿಲ್ಲವೋ ಅಂತ ಆಮೇಲೆ ಯಾರಿಗೆ ಗೊತ್ತಾಗಬೇಕು? ನಾನು ನೀರಲ್ಲಿ ಬರೆಯಬಹುದಾದ ಪ್ಲಾಸ್ಟಿಕ್ ಹಲಗೆ, ಸೀಸದ ಕಡ್ಡಿ ಬಳಸಿದೆ. ಮನೆಗೆ ಬಂದು ಸ್ನಾನಕ್ಕೂ ಮೊದಲು ಹಾಳೆಗೆ ಏರಿಸುವುದು.

ಫೋಟೋ ಒಂದು ಸಾಲದು. ಮೇಲಿನಿಂದ, ಪಕ್ಕದಿಂದ, ಕೊಂಬು ಹತ್ತಿರದಿಂದ, ಕಿವಿರು ಹತ್ತಿರದಿಂದ, ಆಗುವುದಾದರೆ ಪಾದದ ಅಡಿ. ಅಳತೆಗೆ ಪಟ್ಟಿ ಇಟ್ಟು ಒಂದು. ಕಿವಿರು ಒಳಗೆಳೆದುಕೊಂಡಿದ್ದರೆ ಕಾಯಿರಿ, ಬೆರಳಿಂದ ತಿವಿಯಬೇಡಿ. ಕಲ್ಲು ತಿರುಗಿಸಿದರೆ ಇದ್ದ ಹಾಗೇ ಮೆಲ್ಲಗೆ ವಾಪಸ್ ಇಡಿ, ಹವಳ ಹತ್ತಿದ ಕಲ್ಲನ್ನು ಮುಟ್ಟಲೇಬೇಡಿ. ಹವಳ ಮುರಿಯುವುದು, ಒಯ್ಯುವುದು ಇಲ್ಲಿ ಕಾನೂನಿನ ಪ್ರಕಾರ ಅಪರಾಧ.

ಗುರುತಿಸುವ ಹಂತ ಬಂದಾಗ ತಲೆ ಕೆಟ್ಟುಹೋಯಿತು. ವಿಲಿಯಂ ಹಾರ್ಪರ್ ಪೀಸ್ ಅನ್ನುವವರು 1860ರ ಹೊತ್ತಿಗೇ ಹವಾಯಿಯ ಸ್ಲಗ್‌ಗಳಿಗೆ ಹೆಸರಿಡಲು ಶುರುಮಾಡಿದ್ದರು. ಆಲಿಸನ್ ಕೇ ಮತ್ತು ಯಂಗ್ 1969ರಲ್ಲಿ ಡೋರಿಡ್ ಗುಂಪಿನ, ಅಂದರೆ ಬೆನ್ನ ಹಿಂಭಾಗದಲ್ಲಿ ಕಿವಿರಿನ ಕುಚ್ಚಿರುವ ಸ್ಲಗ್‌ಗಳ ಮೇಲೆ ಬರೆದರು. ಮಾವಿ ದ್ವೀಪದಲ್ಲಿ ಕೋರಿ ಪಿಟ್‌ಮನ್, ಪಾಲೀನ್ ಫೀನ್ ದಶಕಗಳಿಂದ ಹುಡುಕುತ್ತಿದ್ದಾರೆ. ಹೀಗೆ ಮಾಹಿತಿ ಬೇಕಾದಷ್ಟಿದೆ. ತೊಂದರೆ ಹೆಸರುಗಳದ್ದು. 2012ರಲ್ಲಿ ಡಿಎನ್ಎ ನೋಡಿ ಬಣ್ಣದ ಸ್ಲಗ್‌ಗಳ ಒಂದು ದೊಡ್ಡ ಕುಟುಂಬವನ್ನೇ ಮರುಜೋಡಿಸಿದರು. ಹಳೆ ಪುಸ್ತಕದ ಕ್ರೊಮೊಡೋರಿಸ್‌ಗಳಲ್ಲಿ ಎಷ್ಟೋ ಈಗ ಗೋನಿಯೊಬ್ರಾಂಕಸ್. ರಾತ್ರಿ ಈಜುವ ಕೆಂಪು ಸ್ಪ್ಯಾನಿಷ್ ಡ್ಯಾನ್ಸರ್ ಎಲ್ಲ ಕಡಲಲ್ಲೂ ಒಂದೇ ಜಾತಿ ಅಂದುಕೊಂಡಿದ್ದರು, ಈಗ ಅದರಲ್ಲೂ ಹಲವು. ಹಾಗಾಗಿ ಜೀವಿಗಳ ಫೋಟೋ ಹಾಕಿ ಗುರುತಿಸುವ ಐನ್ಯಾಚುರಲಿಸ್ಟ್ ಜಾಲತಾಣಕ್ಕೆ ಹಾಕಿದಾಗ ಬೇರೆಯವರು ಹೆಸರು ಬದಲಿಸಿದರೆ ಮುನಿಸಿಕೊಳ್ಳಬೇಡಿ, ಯಾಕೆ ಅಂತ ಕೇಳಿ. ನನಗೆ ಸಿಕ್ಕ ಪಾಠಗಳಲ್ಲಿ ಅರ್ಧ ಅಂಥ ಎರಡು ಸಾಲಿನ ಉತ್ತರಗಳಿಂದಲೇ ಬಂದವು. ಚೆಂದದ ಸ್ಲಗ್‌ಗೆ ಒಂದೇ ಗಂಟೆಯಲ್ಲಿ ಹೆಸರು ಸಿಗುತ್ತದೆ. ಬಿಳಿ ಮೈಗೆ ಹಳದಿ ಗೆರೆಯ ಹಾಲ್ಗೆರ್ಡಾ ಟೆರಾಮ್‌ಟುಯೆಂಟಿಸ್ ಹವಾಯಿ ಬಿಟ್ಟು ಬೇರೆಲ್ಲೂ ಇಲ್ಲ, ಅದನ್ನು ಯಾರೂ ತಪ್ಪು ಹೇಳುವುದಿಲ್ಲ. ಮಾಸಲು, ಸಣ್ಣ ಸ್ಲಗ್‌ಗಳು ತಿಂಗಳುಗಟ್ಟಲೆ ಹಾಗೇ ಬಿದ್ದಿರುತ್ತವೆ. ನನ್ನ ಪ್ರಕಾರ ನಿಮ್ಮ ಸಮಯ ಸಲ್ಲಬೇಕಾದದ್ದು ಅವಕ್ಕೇ. ಬಣ್ಣದವುಗಳ ಫೋಟೋ ಡೈವ್ ಮಾಡುವವರೆಲ್ಲ ಹಾಕುತ್ತಾರೆ.

ನಮ್ಮ ಕಂದು ಜೀವಿ ಬಂದದ್ದು ಬೇಸಿಗೆಯಲ್ಲಿ, ದಕ್ಷಿಣ ತೀರದ ಒಂದು ಸಾಧಾರಣ ಕಲ್ಲಿನಿಂದ. ಬೆನ್ನ ಮೇಲೆ ಕಂದು ಚಾಚುಗಳು, ತುದಿಯಲ್ಲಿ ಬಿಳಿ. ಫೋಟೋ ನೋಡಿದ ತಜ್ಞರೊಬ್ಬರು ಕುಲದ ಹೆಸರು ಹೇಳಿ ಅಲ್ಲಿಗೇ ನಿಲ್ಲಿಸಿದರು. ಜಾತಿ ಹೇಳಬೇಕಾದರೆ ಒಳಗಿನ ಹಲ್ಲುಪಟ್ಟಿ ನೋಡಬೇಕು, ಡಿಎನ್ಎ ಬೇಕು, ಅಂದರೆ ಮಾದರಿ ಬೇಕು. ಸಂಶೋಧನೆಗೆ ಹೀಗೆ ಹಿಡಿಯಲು ರಾಜ್ಯದ ಜಲಚರ ವಿಭಾಗದ ವಿಶೇಷ ಅನುಮತಿ ಸಂಶೋಧಕಿಯ ಬಳಿ ಇತ್ತು. ಅವರ ಅನುಮತಿ ಪತ್ರದಲ್ಲಿ ಜಾಗ, ಗುಂಪು, ಎಷ್ಟು ಮಾದರಿ, ಯಾರ್‍ಯಾರು ಹಿಡಿಯಬಹುದು ಎಲ್ಲ ಬರೆದಿತ್ತು. ನನ್ನ ಹೆಸರು ಅದರಲ್ಲಿ ಇರಲಿಲ್ಲ. ಸೇರಿಸಲು ಅರ್ಜಿ ಹೋಯಿತು, ನಾನು ಮತ್ತೆ ಕಾದೆ. ಶುರುವಿನಲ್ಲೇ ನಿಮ್ಮ ಹೆಸರು ಪತ್ರದಲ್ಲಿದೆಯೇ ಅಂತ ಕೇಳಿಕೊಳ್ಳಿ. ಇಲ್ಲದಿದ್ದರೆ ಕಣ್ಣೆದುರಿಗಿದ್ದರೂ ಮುಟ್ಟುವ ಹಾಗಿಲ್ಲ. ಪುಪುಕೆಯಾ 1983ರಿಂದ ಸಂರಕ್ಷಿತ ಜಾಗ, ಅಲ್ಲಂತೂ ಮರಳೂ ಒಯ್ಯುವಂತಿಲ್ಲ.

ಅನುಮತಿ ಬಂದ ಮೇಲೆ ಅದೇ ಕಲ್ಲಿಗೆ ಹೋದರೆ ಏನೂ ಇಲ್ಲ. ಮತ್ತೆ ಹೋದೆವು, ಇಲ್ಲ. ಜೆಲ್ಲಿ ಮೀನಿನ ದಿನಗಳು ಕಳೆದವು, ಒಂದು ಕಂದು ನೀರಿನ ವಾರ ಕಳೆಯಿತು. ಕೊನೆಗೆ ಆ ಕಲ್ಲ ಮೇಲಿದ್ದ ಪೊದೆಯಂಥ ಹೈಡ್ರಾಯ್ಡ್ (ಗಿಡದ ಹಾಗೆ ಕಾಣುವ ಕಡಲ ಪ್ರಾಣಿ) ಬೇರೆ ಎಲ್ಲಿದೆ ಅಂತ ನೋಡುತ್ತಾ ಹೋದೆವು. ಸ್ವಲ್ಪ ದೂರದ ಸಂದಿಯಲ್ಲಿ ಹೈಡ್ರಾಯ್ಡೂ ಸಿಕ್ಕಿತು, ಅದರ ಬುಡದಲ್ಲಿ ಎರಡು ಕಂದು ಸ್ಲಗ್‌ಗಳೂ ಇದ್ದವು.

ಪ್ರಯೋಗಾಲಯದಲ್ಲಿ ಮೊದಲು ಜೀವಂತ ಇರುವಾಗಲೇ ಫೋಟೋ, ಯಾಕೆಂದರೆ ಆಲ್ಕೋಹಾಲಿಗೆ ಬಿದ್ದರೆ ಬಣ್ಣ ಹೋಗುತ್ತದೆ. ಆಮೇಲೆ ಮೆಗ್ನೀಸಿಯಂ ಕ್ಲೋರೈಡ್ ದ್ರಾವಣದಲ್ಲಿ ಬಿಟ್ಟರು. ಅದು ಮತ್ತು ಬರಿಸುತ್ತದೆ, ಮೈ ಮುದುಡದೆ ಸಡಿಲವಾಗುತ್ತದೆ. ಒಂದನ್ನು ಡಿಎನ್ಎಗೆಂದು 95 ಶೇಕಡಾ ಆಲ್ಕೋಹಾಲಿಗೆ, ಇನ್ನೊಂದನ್ನು ಅಂಗರಚನೆ ನೋಡಲು ಫಾರ್ಮಲಿನ್‌ಗೆ. ಅಷ್ಟು ಕಾದು ಹುಡುಕಿದ ಜೀವ ಅದು. ಮನಸ್ಸಿಗೆ ಕಷ್ಟವಾಯಿತು, ಸುಳ್ಳು ಹೇಳುವುದಿಲ್ಲ. ಸಂಶೋಧಕಿ ಏನೂ ಸಮಾಧಾನ ಹೇಳಲಿಲ್ಲ, ಚೀಟಿ ಬರೆಯಲು ಪೆನ್ಸಿಲ್ ಕೊಟ್ಟರು. ಪೆನ್ನಿನ ಶಾಯಿ ಆಲ್ಕೋಹಾಲಿನಲ್ಲಿ ಅಳಿಸಿಹೋಗುತ್ತದೆ. ದಿನ, ಜಾಗ, ಆಳ, ಹೈಡ್ರಾಯ್ಡ್, ಹಿಡಿದವರ ಹೆಸರು. ಸಣ್ಣ ಅಕ್ಷರದಲ್ಲಿ ಬರೆದು ಬಾಟಲಿಯ ಒಳಗೇ ಹಾಕಿದೆವು. ಹೊರಗೆ ಅಂಟಿಸಿದ ಚೀಟಿ ಎಂದಾದರೂ ಕಿತ್ತು ಬೀಳುತ್ತದೆ.

ಮಾದರಿ ಮ್ಯೂಸಿಯಂಗೆ ಹೋಗಿ, ಅಲ್ಲಿ ಸಾಲಿನಲ್ಲಿ ಕೂತು, ಸಂಖ್ಯೆ ಬರುವಷ್ಟರಲ್ಲಿ ಮತ್ತೆ ಚಳಿಗಾಲ ಬಂದಿತ್ತು. ಡಿಎನ್ಎ ಫಲಿತಾಂಶ ಇನ್ನೂ ಬಂದಿಲ್ಲ. ಅಲ್ಲಿಯವರೆಗೆ ಹಾಳೆಯಲ್ಲಿ ಕುಲದ ಹೆಸರಿನ ಮುಂದೆ ‘ಎಸ್‌ಪಿ.’, ಅಂದರೆ ಜಾತಿ ಇನ್ನೂ ಗೊತ್ತಿಲ್ಲ, ಅಂತಲೇ ಇರುತ್ತದೆ. ಊಹಿಸಿ ಹೆಸರು ತುಂಬುವುದಕ್ಕಿಂತ ಅದು ಸಾವಿರ ಪಾಲು ವಾಸಿ.

ಖರ್ಚು ಕೇಳುವವರಿಗೆ: ಡೈವಿಂಗ್ ಬಿಟ್ಟರೆ ಕ್ಯಾಮೆರಾ, ಟಾಬಿ, ಟಾರ್ಚ್, ಟ್ರೇ, ಹಲಗೆ ಎಲ್ಲ ಸೇರಿ 700 ಡಾಲರ್ ಒಳಗೆ ಮುಗಿಯುತ್ತದೆ. ಡೈವಿಂಗ್ ಸೇರಿದರೆ ಅದಕ್ಕೆ ಮೇಲ್ಮಿತಿ ಇಲ್ಲ, ಮನೆಯಲ್ಲಿ ಮೊದಲೇ ಮಾತಾಡಿಕೊಳ್ಳಿ. ನಾನು ಮತ್ತೆ ಶುರುಮಾಡುವುದಾದರೆ ಮೊದಲ ವರ್ಷ ಇಳಿತದ ಹೊಂಡಗಳಲ್ಲೇ ಕಳೆದು, ಆಮೇಲೆ ಮುಳುಗುವ ಯೋಚನೆ ಮಾಡುತ್ತೇನೆ. ಮುರುಡೇಶ್ವರದ ನೇತ್ರಾಣಿಯಲ್ಲಿ ಡೈವ್ ಮಾಡಿ ಬಂದವರು ಸ್ಲಗ್ ಫೋಟೋ ಕಳಿಸಿ ಹೆಸರು ಕೇಳುತ್ತಾರೆ. ಖುಷಿಯಾಗುತ್ತದೆ. ಮುಂದಿನ ಸಲ ಕಳಿಸುವಾಗ ದಿನ, ಆಳ, ಯಾವುದರ ಮೇಲೆ ಕೂತಿತ್ತು ಅನ್ನುವ ಮೂರನ್ನೂ ಜೊತೆಗೆ ಬರೆಯಿರಿ. ಕೂತ ಜಾಗದ ಫೋಟೋ ಒಂದು ಬೇರೆಯೇ ಇರಲಿ, ಸ್ಪಂಜಿನದ್ದೋ ಹೈಡ್ರಾಯ್ಡಿನದ್ದೋ, ಮಸುಕಾಗಿದ್ದರೂ ನಡೆಯುತ್ತದೆ.